ಉಳ್ಳಾಗಡ್ಡಿಯಿಂದ ದವಾಖಾನಿಗೆ



ನಾಂಪಲ್ಲಿ ಸ್ಟೇಶನ್ನಿನಲ್ಲಿ ಕಲಬುರಗಿ, ವಾಡಿ, ತಾಂಡೂರು ದಾರಿಯ ರೈಲು ಬಂದು ನಿಂತಾಗ ಇಳಿಯುವವರನ್ನು ಒಮ್ಮೆ ಗಮನಿಸಿ. ವ್ಯಾಪಾರಕ್ಕೆ ಬಂದವರು, ಬೀಗರ ಮನೆಗೆ ಬಂದವರು, ಜನವರಿಯಾದರೆ ನುಮಾಯಿಶ್ ನೋಡಲು ಬಂದವರು ಇರುತ್ತಾರೆ. ಇವರ ನಡುವೆ ಇನ್ನೊಂದು ಬಗೆಯ ಪ್ರಯಾಣಿಕರೂ ಇದ್ದೇ ಇರುತ್ತಾರೆ. ಒಂದು ಕೈಯಲ್ಲಿ ಎಕ್ಸ್‌ರೇ ಕವರು, ಇನ್ನೊಂದು ಕೈಯಲ್ಲಿ ರೊಟ್ಟಿಯ ಗಂಟು, ಹೆಗಲ ಮೇಲೆ ಜ್ವರದಿಂದ ಬಾಡಿದ ಕೂಸು. ಅವರು ಕೇಳುವ ಮೊದಲ ಪ್ರಶ್ನೆ ಒಂದೇ: "ದವಾಖಾನಿಗೆ ಹೆಂಗ ಹೋಗಬೇಕ್ರೀ?"

ಬೆಂಗಳೂರು ಕಡೆಯವರಿಗೆ ಅದು ಆಸ್ಪತ್ರೆ. ಕಲಬುರಗಿ, ಬೀದರ, ರಾಯಚೂರಿನವರಿಗೆ ಅದು ದವಾಖಾನಿ. ನಿಜಾಮರ ಕಾಲದ ಉರ್ದು ಪದ ನಮ್ಮ ಕನ್ನಡದಲ್ಲಿ ಬೇರು ಬಿಟ್ಟು ಸ್ವಂತ ಪದವೇ ಆಗಿಹೋಗಿದೆ. 1956ರ ನವೆಂಬರ್ 1ರಂದು ಈ ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. ಆದರೆ ಕಾಯಿಲೆ ಬಿದ್ದಾಗ ಹೈದರಾಬಾದಿನ ಕಡೆ ಮುಖ ಮಾಡುವ ರೂಢಿ ಗಡಿ ಬದಲಾದರೂ ಬದಲಾಗಲಿಲ್ಲ. ಸ್ಟೇಶನ್ನಿನಿಂದ ಕೂಗಳತೆಯ ದೂರದ ರೆಡ್ ಹಿಲ್ಸ್‌ನಲ್ಲಿ ಮಕ್ಕಳ ನೀಲೋಫರ್ ಆಸ್ಪತ್ರೆ ಇದೆ, ಮೆಹದಿ ನವಾಜ್ ಜಂಗ್ ಹೆಸರಿನ ಕ್ಯಾನ್ಸರ್ ಆಸ್ಪತ್ರೆ ಇದೆ. ಮೂಸಿ ದಂಡೆಗೆ ಹೋದರೆ ಉಸ್ಮಾನಿಯಾ ಇದೆ.

ಹೀಗೆ ಬಂದವರಲ್ಲಿ ಬಹಳಷ್ಟು ಮಂದಿ ಗುಣವಾಗಿ ಮರಳುತ್ತಾರೆ. ಕೆಲವರ ಮನೆಗಳಲ್ಲಿ ಮಾತ್ರ ಬೇರೆ ಮಾತು ಕೇಳಿಬರುತ್ತದೆ: "ಆಪರೇಶನ್ ಚೆನ್ನಾಗೇ ಆಗಿತ್ತು, ಆಮೇಲೆ ಇನ್ಫೆಕ್ಷನ್ ಆಯ್ತಂತೆ." ಈ 'ಇನ್ಫೆಕ್ಷನ್' ಎಲ್ಲಿಂದ ಬಂತು? ಒಂದು ರೋಗ ಕಳೆದುಕೊಳ್ಳಲು ಹೋದವನಿಗೆ ಇನ್ನೊಂದು ರೋಗ ಯಾಕೆ ಅಂಟಿತು? ಈ ಪ್ರಶ್ನೆಗೆ ಉತ್ತರ ಹುಡುಕಿದವರ ಕಥೆಯೇ ಈ ಸಂಚಿಕೆಯ ಚರಿತ್ರೆಯ ಪುಟ. ಅದರಲ್ಲಿ ಎರಡು ಎಳೆಗಳಿವೆ. ಒಂದು ಮನುಷ್ಯನ ಕೈಯ ಕಥೆ, ಇನ್ನೊಂದು ಬ್ಯಾಕ್ಟೀರಿಯಾದ ಊಟದ ಕಥೆ. ಇವೆರಡೂ ನೂರು ವರ್ಷ ಬೇರೆಬೇರೆಯಾಗಿ ಹರಿದು, ಬಹಳ ತಡವಾಗಿ ಸಂಧಿಸಿದವು. ತಡವಾದದ್ದಕ್ಕೆ ತೆತ್ತ ಬೆಲೆ ದೊಡ್ಡದು.

ಕೈಯ ಕಥೆ

ಹೈದರಾಬಾದಿನಲ್ಲಿ ವೈದ್ಯಕೀಯ ಶಾಲೆ ಆರಂಭವಾದದ್ದು 1846ರಲ್ಲಿ. ಅದರ ಮರುವರ್ಷ, ಸಾವಿರಾರು ಮೈಲಿ ದೂರದ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯ ಒಂದು ಒಗಟಿಗೆ ತಲೆಕೊಟ್ಟು ಕುಳಿತಿದ್ದ. ಅಲ್ಲಿ ಎರಡು ಹೆರಿಗೆ ವಾರ್ಡುಗಳು. ಒಂದರಲ್ಲಿ ಸೂಲಗಿತ್ತಿಯರು ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು. ಬಾಣಂತಿ ಜ್ವರದಿಂದ ಹೆಚ್ಚು ತಾಯಂದಿರು ಸಾಯುತ್ತಿದ್ದದ್ದು ವೈದ್ಯರ ವಾರ್ಡಿನಲ್ಲಿ! ಹೆಣ ಕೊಯ್ದು ಪಾಠ ಕಲಿತ ಕೈಗಳು ನೇರವಾಗಿ ಬಾಣಂತಿಯರನ್ನು ಮುಟ್ಟುತ್ತಿದ್ದವು ಎಂಬುದು ಸೆಮ್ಮೆಲ್‌ವೈಸ್‌ಗೆ ಹೊಳೆಯಿತು. 1847ರ ಮೇ ತಿಂಗಳಲ್ಲಿ ಬಾಗಿಲಲ್ಲಿ ಕ್ಲೋರಿನ್ ಸುಣ್ಣದ ನೀರಿಟ್ಟು, ಕೈ ತೊಳೆಯದೆ ಒಳಗೆ ಬರಕೂಡದು ಎಂದ. ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟು ತಾಯಂದಿರು ತೀರಿಕೊಂಡಿದ್ದ ವಾರ್ಡಿನಲ್ಲಿ ಜೂನ್ ಹೊತ್ತಿಗೆ ಆ ಸಂಖ್ಯೆ ಎರಡರ ಆಸುಪಾಸಿಗೆ ಇಳಿಯಿತು.

ಆದರೂ ದೊಡ್ಡ ವೈದ್ಯರು ಒಪ್ಪಲಿಲ್ಲ. ನಮ್ಮ ಕೈಯೇ ಸಾವಿನ ದೂತನೆಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಸೆಮ್ಮೆಲ್‌ವೈಸ್ 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ, ಗಾಯ ಕೀವಾಗಿ ತೀರಿಕೊಂಡ. ಅದೇ ತಿಂಗಳು ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಕಾಲು ಮುರಿದ ಹುಡುಗನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿ, ಕೀವಾಗದಂತೆ ವಾಸಿ ಮಾಡಿದ. ಮರುವರ್ಷ, 1866ರಲ್ಲಿ, ಹೈದರಾಬಾದಿನ ಮೂಸಿ ದಂಡೆಯ ಮೇಲೆ ಅಫ್ಜಲ್‌ಗಂಜ್ ಆಸ್ಪತ್ರೆ ತಲೆ ಎತ್ತಿತು. ಲಿಸ್ಟರ್ ತನ್ನ ವಿಧಾನವನ್ನು ಬರೆದು ಪ್ರಕಟಿಸಿದ್ದು 1867ರಲ್ಲಿ. ಅಂದರೆ ನಮ್ಮ ಊರಿನ ದೊಡ್ಡ ದವಾಖಾನಿಗೆ ಬಾಗಿಲು ಬಂದಾಗ, ಬಾಗಿಲಲ್ಲಿ ಕೈ ತೊಳೆಯಬೇಕೆಂಬ ನಿಯಮವನ್ನು ಜಗತ್ತು ಇನ್ನೂ ಒಪ್ಪಿಕೊಂಡಿರಲಿಲ್ಲ.

ಆಗಿನ ಆಸ್ಪತ್ರೆಗಳು ಎಷ್ಟು ಅಪಾಯಕಾರಿ ಎಂಬುದಕ್ಕೆ ಲೆಕ್ಕ ಕೊಟ್ಟವನು ಕ್ಲೋರೋಫಾರ್ಮ್ ಅನ್ನು ಬಳಕೆಗೆ ತಂದ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್. ಕೈಕಾಲು ಕತ್ತರಿಸುವ ಶಸ್ತ್ರಚಿಕಿತ್ಸೆಗಳನ್ನು ಅವನು 1869ರಲ್ಲಿ ಎಣಿಸಿ ನೋಡಿದ. ದೊಡ್ಡ ಆಸ್ಪತ್ರೆಗಳಲ್ಲಿ 2089 ಮಂದಿಗೆ ಹೀಗೆ ಮಾಡಿದ್ದರಲ್ಲಿ 855 ಮಂದಿ ಸತ್ತಿದ್ದರು. ಹಳ್ಳಿಗಾಡಿನಲ್ಲಿ, ರೋಗಿಯ ಮನೆಯಲ್ಲೇ ಮಾಡಿದ 2098ರಲ್ಲಿ ಸತ್ತವರು 226. ಅದೇ ಕತ್ತಿ, ಅದೇ ಗಾಯ. ಆದರೂ ಆಸ್ಪತ್ರೆಯ ಮಂಚದ ಮೇಲೆ ಸಾವು ನಾಲ್ಕು ಪಟ್ಟು.

ಇಲ್ಲಿ ನಮ್ಮ ಹೈದರಾಬಾದೂ ಕಥೆಯೊಳಗೆ ಬರುತ್ತದೆ. ಸಿಂಪ್ಸನ್ನನ ಕ್ಲೋರೋಫಾರ್ಮ್ ಎಷ್ಟು ಸುರಕ್ಷಿತ ಎಂದು ಪರೀಕ್ಷಿಸಲು 1888 ಮತ್ತು 1889ರಲ್ಲಿ ಎರಡು 'ಹೈದರಾಬಾದ್ ಕ್ಲೋರೋಫಾರ್ಮ್ ಕಮಿಷನ್'ಗಳು ಇಲ್ಲೇ ಕುಳಿತವು. ನಡೆಸಿದವರು ರೆಸಿಡೆನ್ಸಿಯ ಸರ್ಜನ್ ಎಡ್ವರ್ಡ್ ಲಾರಿ, ಹಣ ಕೊಟ್ಟವರು ನಿಜಾಮರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆಯರಲ್ಲಿ ಒಬ್ಬರೆನಿಸಿದ ರೂಪಾಬಾಯಿ ಫರ್ದೂಂಜಿ ಈ ಶಾಲೆಯವರೇ. ನೋವಿಲ್ಲದ ಶಸ್ತ್ರಚಿಕಿತ್ಸೆ ಸಾಧ್ಯವಾದ ಮೇಲೆ ವೈದ್ಯರು ಹೆಚ್ಚು ಹೊತ್ತು, ಹೆಚ್ಚು ಆಳಕ್ಕೆ ಕೈ ಹಾಕಬಹುದಾಯಿತು. ಕೈ ಎಷ್ಟು ಆಳಕ್ಕೆ ಹೋಯಿತೋ, ಕೈಯೊಡನೆ ಹೋಗುವ ಅತಿಥಿಗಳೂ ಅಷ್ಟೇ ಆಳಕ್ಕೆ ಹೋದರು.

ಊಟದ ಕಥೆ

ಈ ಅತಿಥಿಗಳು ಯಾರು, ಏನು ತಿಂದು ಬದುಕುತ್ತಾರೆ? ಇದು ಎರಡನೆಯ ಎಳೆ.

ನಾವು ಮನುಷ್ಯರು ಊಟದ ವಿಷಯದಲ್ಲಿ ಬಹಳ ಬಡವರು. ಜೋಳವೋ ಅಕ್ಕಿಯೋ ಬೇಳೆಯೋ ಏನೇ ತಿಂದರೂ ಅದನ್ನು ದೇಹದೊಳಗೆ ಉರಿಸಿ ಶಕ್ತಿ ಪಡೆಯಲು ಆಮ್ಲಜನಕ ಬೇಕೇ ಬೇಕು. ನಾಲ್ಕು ನಿಮಿಷ ಗಾಳಿ ಸಿಗದಿದ್ದರೆ ನಮ್ಮ ಆಟ ಮುಗಿಯಿತು. ಬ್ಯಾಕ್ಟೀರಿಯಾಗಳ ಲೋಕದಲ್ಲಿ ಹಾಗಲ್ಲ. ಗಾಳಿಯೇ ಇಲ್ಲದ ಕಡೆ ಬದುಕುವ, ಗಾಳಿ ತಗುಲಿದರೆ ನಿಸ್ತೇಜವಾಗುವ ಜೀವಿಗಳಿವೆ ಎಂದು 1861ರಲ್ಲಿ ಲೂಯಿ ಪಾಶ್ಚರ್ ತೋರಿಸಿದಾಗ ವಿಜ್ಞಾನಿಗಳೇ ಬೆರಗಾದರು. ರಷ್ಯಾದ ಸೆರ್ಗೆಯ್ ವಿನೊಗ್ರಾದ್‌ಸ್ಕಿ 1887ರಲ್ಲಿ ಇನ್ನೂ ವಿಚಿತ್ರವಾದದ್ದನ್ನು ಕಂಡುಹಿಡಿದ. ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಆ ಗಂಧಕದ ಅನಿಲವನ್ನೇ ಉರಿಸಿ ಶಕ್ತಿ ಪಡೆಯುವ ಬ್ಯಾಕ್ಟೀರಿಯಾ ಇದೆ ಎಂದ. ಕೆಲವೇ ವರ್ಷಗಳಲ್ಲಿ ಅಮೋನಿಯಾ ಉಂಡು ಬದುಕುವ ಬ್ಯಾಕ್ಟೀರಿಯಾವನ್ನೂ ತೋರಿಸಿದ. ಮೂಸಿಯ ಸೇತುವೆ ದಾಟುವಾಗ ನಾವು ಮೂಗು ಮುಚ್ಚಿಕೊಳ್ಳುವ ವಾಸನೆ ಇನ್ನೊಬ್ಬರ ಮೃಷ್ಟಾನ್ನ ಎಂದು ತಿಳಿಯಿರಿ.

ಹೀಗೆ ಸಿಕ್ಕಿದ್ದನ್ನು ಒಡೆದು ಶಕ್ತಿಯನ್ನೂ ಮೈಯನ್ನೂ ಕಟ್ಟಿಕೊಳ್ಳುವ ಕೆಲಸಕ್ಕೆ ಪಠ್ಯಪುಸ್ತಕದಲ್ಲಿ 'ಚಯಾಪಚಯ' ಎಂಬ ಹೆಸರು. ಪ್ರಾಣಿಗಳೆಲ್ಲ ಸೇರಿದರೂ ಇದರಲ್ಲಿ ನಾಲ್ಕಾರು ದಾರಿಗಳು. ಬ್ಯಾಕ್ಟೀರಿಯಾಗಳಲ್ಲಿ ದಾರಿಗಳ ಜಾತ್ರೆಯೇ ಇದೆ. ಆ ಕಾಲಕ್ಕೆ ಇದನ್ನು ಮಣ್ಣಿನ, ಕೆರೆಯ, ಗೊಬ್ಬರದ ವಿಜ್ಞಾನವೆಂದು ಬಗೆದರು. ಆಸ್ಪತ್ರೆಗೂ ಇದಕ್ಕೂ ಸಂಬಂಧವಿದೆಯೆಂದು ಬಹಳ ಮಂದಿ ಎಣಿಸಲಿಲ್ಲ.

ಸಂಬಂಧ ಎಷ್ಟು ಕ್ರೂರವಾಗಿರಬಹುದು ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ಪ್ಲೇಗ್ ಮಾರಿ ಬಂದ ದಿನಗಳು. ಮುಂಬೈಯಲ್ಲಿ ವಾಲ್ಡೆಮಾರ್ ಹಾಫ್ಕಿನ್ 1897ರಲ್ಲಿ ಪ್ಲೇಗ್ ಲಸಿಕೆ ತಯಾರಿಸಿದ್ದರು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಮಂದಿ ಅದನ್ನು ಚುಚ್ಚಿಸಿಕೊಂಡಿದ್ದರು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ 107 ಮಂದಿಗೆ ಲಸಿಕೆ ಹಾಕಿದರು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತೂ ಮಂದಿಗೆ ಲಸಿಕೆ ಕೊಟ್ಟದ್ದು ಒಂದೇ ಬಾಟಲಿಯಿಂದ, ಅದರ ಗುರುತು 53ಎನ್. ಲಸಿಕೆಯೇ ವಿಷವೆಂಬ ಕೂಗೆದ್ದಿತು. ಹಾಫ್ಕಿನ್ ಕೆಲಸ ಕಳೆದುಕೊಂಡರು.

ಧನುರ್ವಾಯುವಿನ ಬ್ಯಾಕ್ಟೀರಿಯಾ ಪಾಶ್ಚರ್ ಹೇಳಿದ, ಗಾಳಿ ಬೇಡದ ಕುಲದ್ದು. ಮಣ್ಣಿನಲ್ಲಿ, ಸಗಣಿಯಲ್ಲಿ ಗಟ್ಟಿ ಬೀಜದ ಹಾಗೆ ವರ್ಷಗಟ್ಟಲೆ ಮಲಗಿರುತ್ತದೆ. ಗಾಳಿಯಾಡದ ಗಾಯವೋ ಮುಚ್ಚಿದ ಬಾಟಲಿಯೋ ಸಿಕ್ಕರೆ ಏಳುತ್ತದೆ. ಅಂದು ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿ ಮಾಡದೆ ಮತ್ತೆ ಬಳಸಿದ್ದ. ಹಾಫ್ಕಿನ್ ನಿರ್ದೋಷಿ ಎಂದು 1907ರಲ್ಲಿ ಪತ್ರಿಕೆಗಳಲ್ಲಿ ವಾದಿಸಿ ನ್ಯಾಯ ಕೊಡಿಸಿದವರಲ್ಲಿ ಮುಂಚೂಣಿಯಲ್ಲಿದ್ದವರು ಯಾರು ಗೊತ್ತೇ? 1897ರ ಆಗಸ್ಟ್ 20ರಂದು ನಮ್ಮ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಗುಟ್ಟು ಕಂಡ ರೊನಾಲ್ಡ್ ರಾಸ್. ನಲ್ಲಕುಂಟದ ಫೀವರ್ ಆಸ್ಪತ್ರೆಗೆ ಅವರದೇ ಹೆಸರು. ಹಳಬರು ಅದನ್ನು 'ಕೋರಂಟಿ ದವಾಖಾನಾ' ಎನ್ನುತ್ತಾರೆ. ಇಂಗ್ಲಿಷಿನ ಕ್ವಾರಂಟೈನ್ ಜನರ ಬಾಯಲ್ಲಿ ಸವೆದು ಕೋರಂಟಿಯಾಯಿತು.

ಒಂದು ಇಕ್ಕಳ, ನೆಲದ ಚಿಟಿಕೆ ಮಣ್ಣು, ಹತ್ತೊಂಬತ್ತು ಪ್ರಾಣ. ಕೈಯ ಕಥೆಯೂ ಊಟದ ಕಥೆಯೂ ಆ ಬಾಟಲಿಯಲ್ಲಿ ಒಂದಾಗಿದ್ದವು. ಪಾಠ ಮಾತ್ರ ಪೂರ್ತಿ ಮನಸ್ಸಿಗಿಳಿಯಲು ಇನ್ನೂ ಐವತ್ತು ವರ್ಷ ಬೇಕಾಯಿತು.

ಮೂಸಿ ತಂದ ಪಾಠ

ಅಷ್ಟರಲ್ಲಿ ಹೈದರಾಬಾದಿಗೆ ಬೇರೊಂದು ಗಂಡಾಂತರ ಬಂತು. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹರಿದು ಸಾವಿರಾರು ಮಂದಿ ಸತ್ತರು. ಅಫ್ಜಲ್‌ಗಂಜ್ ಆಸ್ಪತ್ರೆಯೂ ಕೊಚ್ಚಿಹೋಯಿತು. ಅಲ್ಲಿದ್ದ ಒಂದು ಹುಣಿಸೆ ಮರ ಹತ್ತಿ ನೂರೈವತ್ತರಷ್ಟು ಮಂದಿ ಜೀವ ಉಳಿಸಿಕೊಂಡರೆಂದು ಊರು ಇಂದಿಗೂ ನೆನೆಯುತ್ತದೆ.

ಮರುವರ್ಷ ನಿಜಾಮ ಸರ್ಕಾರ ಒಬ್ಬ ಇಂಜಿನಿಯರನ್ನು ಕರೆಸಿತು. ಅವರು ನಮ್ಮ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯ. ಪ್ರವಾಹ ತಡೆಯಲು ಮೇಲ್ಭಾಗದಲ್ಲಿ ಜಲಾಶಯಗಳಾಗಬೇಕೆಂದು ಅವರು ಯೋಜನೆ ಹಾಕಿಕೊಟ್ಟರು. ಅದರಂತೆ 1920ರಲ್ಲಿ ಉಸ್ಮಾನ್‌ಸಾಗರ, 1927ರಲ್ಲಿ ಹಿಮಾಯತ್‌ಸಾಗರ ಪೂರ್ಣಗೊಂಡವು. ಜೊತೆಗೆ ಊರಿನ ಕೊಳೆನೀರಿಗೆ ಒಳಚರಂಡಿ ಬೇಕೆಂದೂ ಯೋಜನೆ ಕೊಟ್ಟರು. ಕುಡಿಯುವ ನೀರಿನ ದಾರಿ ಬೇರೆ, ಕೊಳೆನೀರಿನ ದಾರಿ ಬೇರೆ ಇರಬೇಕು. ಕೇಳಲು ಎಷ್ಟು ಸರಳ! ಆದರೆ ಕಾಲರಾ, ಟೈಫಾಯ್ಡ್‌ಗಳ ವಿರುದ್ಧ ಯಾವ ಇಂಜೆಕ್ಷನ್ನೂ ಮಾಡದಷ್ಟು ಕೆಲಸವನ್ನು ಈ ಸರಳ ಮಾತು ಮಾಡಿದೆ.

ಕೊಚ್ಚಿಹೋದ ಆಸ್ಪತ್ರೆಯ ಬದಲಿಗೆ ವಿನ್ಸೆಂಟ್ ಎಶ್ ರೂಪಿಸಿದ ಗುಮ್ಮಟಗಳ ಉಸ್ಮಾನಿಯಾ ಆಸ್ಪತ್ರೆ ಎದ್ದು ನಿಂತಿತು. ಸ್ವಾತಂತ್ರ್ಯಾನಂತರ ನೀಲೋಫರ್ ರಾಜಕುಮಾರಿಯ ಆಸೆಯಿಂದ ತಾಯಿ ಮಕ್ಕಳ ಆಸ್ಪತ್ರೆ ಬಂತು. ಅವಳ ದಾಸಿಯೊಬ್ಬಳು ಹೆರಿಗೆಯಲ್ಲಿ ತೀರಿಕೊಂಡದ್ದೇ ಅದಕ್ಕೆ ಕಾರಣ. ಕಟ್ಟಡ ಬಂತು, ಬೆಳಕು ಬಂತು, ನಲ್ಲಿ ಬಂತು, ಸಿಂಕು ಬಂತು. ಒಳಚರಂಡಿಯ ಬಾಯಿ ವಾರ್ಡಿನೊಳಕ್ಕೇ ಬಂತು. ಇದನ್ನು ನೆನಪಿಟ್ಟುಕೊಳ್ಳಿ, ಕಥೆ ಮತ್ತೆ ಇಲ್ಲಿಗೇ ಬರುತ್ತದೆ.

ಹಸಿರು ಕೀವಿನ ಜೀವಿ

ಪೆನ್ಸಿಲಿನ್ ಬಂದದ್ದು 1940ರ ದಶಕದಲ್ಲಿ. ಇನ್ನು ಗಾಯ ಕೀವಾಗುವ ಕಾಲ ಮುಗಿಯಿತೆಂದು ಎಲ್ಲರೂ ಹಿಗ್ಗಿದರು. ಆದರೆ ಆ ದಶಕ ಮುಗಿಯುವ ಮೊದಲೇ ಲಂಡನ್ನಿನ ಆಸ್ಪತ್ರೆಗಳಲ್ಲಿ ಪೆನ್ಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಹೆಚ್ಚುತ್ತಿದೆಯೆಂದು ಮೇರಿ ಬಾರ್ಬರ್ ಎಂಬ ವೈದ್ಯೆ ತೋರಿಸಿದರು. ಅದಕ್ಕಾಗಿ ತಂದ ಮೆಥಿಸಿಲಿನ್ ಎಂಬ ಹೊಸ ಔಷಧಿಗೂ ಬಗ್ಗದ ತಳಿ 1961ರಲ್ಲೇ ವರದಿಯಾಯಿತು.

ಅಷ್ಟರಲ್ಲಿ ಸದ್ದಿಲ್ಲದೆ ಇನ್ನೊಬ್ಬ ಬಂದು ಕುಳಿತಿದ್ದ. ಗಾಯದ ಬಟ್ಟೆ ಕೆಲವೊಮ್ಮೆ ನೀಲಿಹಸಿರು ಬಣ್ಣಕ್ಕೆ ತಿರುಗುವುದನ್ನು ಹಳೆಯ ವೈದ್ಯರು ಕಂಡಿದ್ದರು. ಆ ಬಣ್ಣದ ಒಡೆಯನಾದ ಬ್ಯಾಕ್ಟೀರಿಯಾವನ್ನು 1882ರಲ್ಲಿ ಫ್ರಾನ್ಸಿನ ಕಾರ್ಲ್ ಗೆಸ್ಸಾರ್ ಬೇರ್ಪಡಿಸಿದ್ದ. ಇಂದು ಅದರ ಹೆಸರು ಸ್ಯೂಡೋಮೊನಾಸ್. ಆರೋಗ್ಯವಂತರಿಗೆ ಇದು ಸಾಮಾನ್ಯವಾಗಿ ಏನೂ ಮಾಡದು. ಸುಟ್ಟಗಾಯದವರು, ಎಳೆಗೂಸುಗಳು, ಮೂತ್ರದ ನಳಿಕೆ ಹಾಕಿಸಿಕೊಂಡವರು ಸಿಕ್ಕರೆ ಬಿಡದು.

ಇದರ ಗುಟ್ಟು ಇರುವುದೇ ಊಟದಲ್ಲಿ. 1951ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸುಟ್ಟಗಾಯದ ಘಟಕದಲ್ಲಿ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಲೋಬರಿ ಒಂದು ಬೆಚ್ಚಿಬೀಳಿಸುವ ಸಂಗತಿ ಪ್ರಕಟಿಸಿದರು. ರೋಗಾಣು ಕೊಲ್ಲಲೆಂದು ಇಟ್ಟಿದ್ದ ಸೆಟ್ರಿಮೈಡ್ ದ್ರಾವಣದ ಬಾಟಲಿಯೊಳಗೇ ಸ್ಯೂಡೋಮೊನಾಸ್ ಇತ್ತು! ಬಾಟಲಿಗೆ ಹಾಕಿದ್ದ ಬೆಂಡಿನ ಬಿರಡೆಯಲ್ಲಿ ಅದು ಅಡಗಿ ಕೂರುತ್ತಿತ್ತು. ಕಳ್ಳನನ್ನು ಹಿಡಿಯಲು ಕಾವಲಿಟ್ಟ ಪೊಲೀಸ್ ಚೌಕಿಯಲ್ಲೇ ಕಳ್ಳ ಸಂಸಾರ ಹೂಡಿದಂತೆ. 1971ರಲ್ಲಿ ಅಮೆರಿಕದ ವಿಜ್ಞಾನಿಗಳು ಇನ್ನೂ ಮುಂದಕ್ಕೆ ಹೋಗಿ, ಆಸ್ಪತ್ರೆಯ ಬಟ್ಟಿ ಇಳಿಸಿದ ನೀರಿನಲ್ಲಿ ಸಹ ಇದು ಲಕ್ಷಗಟ್ಟಲೆ ಬೆಳೆಯುತ್ತದೆಂದು ತೋರಿಸಿದರು. ನಮ್ಮ ಕಣ್ಣಿಗೆ ಆ ನೀರಿನಲ್ಲಿ ಏನೂ ಇಲ್ಲ. ಅದಕ್ಕೆ ಆ 'ಏನೂ ಇಲ್ಲದ' ನೀರಿನ ಅತಿ ಸೂಕ್ಷ್ಮ ಜಿಡ್ಡೇ ಹೊಟ್ಟೆ ತುಂಬ ಊಟ. ಗಾಳಿ ಕಡಿಮೆಯಾದರೆ ಆಮ್ಲಜನಕದ ಬದಲು ನೈಟ್ರೇಟ್ ಬಳಸಿ ಉಸಿರಾಡುವ ವಿದ್ಯೆಯೂ ಅದಕ್ಕೆ ಗೊತ್ತು.

ಎಲ್ಲ ಬ್ಯಾಕ್ಟೀರಿಯಾಗಳ ರುಚಿಯೂ ಒಂದೇ ಅಲ್ಲ. 1970ರ ಜುಲೈನಿಂದ 1971ರ ಏಪ್ರಿಲ್‌ವರೆಗೆ ಅಮೆರಿಕದ 25 ಆಸ್ಪತ್ರೆಗಳಲ್ಲಿ 378 ರೋಗಿಗಳಿಗೆ ರಕ್ತದ ಸೋಂಕು ತಗುಲಿತು. ಕಾರಣ ಹುಡುಕಿದರೆ, ನರಕ್ಕೆ ಏರಿಸುವ ಗ್ಲೂಕೋಸ್ ಬಾಟಲಿಯ ಮುಚ್ಚಳದಲ್ಲಿ ಎಂಟರೊಬ್ಯಾಕ್ಟರ್ ಎಂಬ ಕುಲದ ಬ್ಯಾಕ್ಟೀರಿಯಾ ಕುಳಿತಿತ್ತು. ಅದಕ್ಕೆ ಸಕ್ಕರೆ ನೀರೆಂದರೆ ಹಬ್ಬ. ಒಂದಕ್ಕೆ ಬರಿ ನೀರು, ಇನ್ನೊಂದಕ್ಕೆ ಸಕ್ಕರೆ ನೀರು, ಮತ್ತೊಂದಕ್ಕೆ ಗಾಳಿಯಿಲ್ಲದ ಗಾಯ. ಯಾವ ಪದಾರ್ಥದಲ್ಲಿ ಯಾವ ಜೀವಿ ಬೆಳೆಯುತ್ತದೆಂಬ ಜ್ಞಾನ ಆಸ್ಪತ್ರೆಯ ತನಿಖೆಗೆ ಪೊಲೀಸರ ಬೆರಳಚ್ಚಿನಷ್ಟೇ ಮುಖ್ಯವಾಯಿತು.

ಉಳ್ಳಾಗಡ್ಡಿಯ ನೆಂಟ

ಈಗ ತಲೆಬರಹದ ಕಥೆಗೆ ಬರೋಣ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಉಳ್ಳಾಗಡ್ಡಿ ಬೆಳೆ ಕೊಳೆಯುತ್ತಿತ್ತು. ಗಡ್ಡೆಯ ಪದರುಗಳು ಹುಳಿ ವಾಸನೆ ಬಂದು ಜಾರಿಬೀಳುತ್ತಿದ್ದವು. ವಾಲ್ಟರ್ ಬರ್ಕ್‌ಹೋಲ್ಡರ್ ಎಂಬ ಸಸ್ಯರೋಗ ತಜ್ಞರು 1950ರಲ್ಲಿ ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ವಿವರಿಸಿ, ಉಳ್ಳಾಗಡ್ಡಿಯ ಲ್ಯಾಟಿನ್ ಹೆಸರಿನಿಂದ 'ಸೆಪಾಶಿಯಾ' ಎಂದು ಕರೆದರು. ಅದು ರೈತನ ಚಿಂತೆ, ವೈದ್ಯರಿಗೆ ಅದರ ಗೊಡವೆ ಇರಲಿಲ್ಲ.

ಇತ್ತ ಕ್ಯಾಲಿಫೋರ್ನಿಯಾದಲ್ಲಿ ರೋಜರ್ ಸ್ಟಾನಿಯರ್, ನಾರ್ಬರ್ಟೊ ಪಲ್ಲೆರೋನಿ, ಮೈಕೆಲ್ ಡೌಡೊರಾಫ್ ಎಂಬ ಮೂವರು ಸ್ಯೂಡೋಮೊನಾಸ್ ಬಳಗದ ಜಾತಕ ಬರೆಯಲು ಕುಳಿತರು. ಅವರು ಹಿಡಿದ ದಾರಿ ಮಜವಾಗಿತ್ತು. ಸುಮಾರು 150 ಬಗೆಯ ಪದಾರ್ಥಗಳನ್ನು ಒಂದೊಂದಾಗಿ ಬಡಿಸಿ, ಯಾವ ತಳಿ ಯಾವುದನ್ನು ತಿಂದು ಬದುಕುತ್ತದೆಂದು ಪಟ್ಟಿ ಮಾಡಿದರು. ಮದುವೆ ಮನೆಯಲ್ಲಿ ಎಲೆಗೆಲ್ಲ ಬಡಿಸಿ, ಯಾರು ಏನನ್ನು ಬಿಟ್ಟರೆಂದು ನೋಡಿದ ಹಾಗೆ. ಅದರಲ್ಲಿ ಒಂದು ತಳಿ ನೂರಕ್ಕೂ ಮಿಕ್ಕಿ ಪದಾರ್ಥಗಳನ್ನು ತಿಂದು ಎಲೆ ಖಾಲಿ ಮಾಡಿತು. 1966ರಲ್ಲಿ ಅದಕ್ಕೆ ಅವರಿಟ್ಟ ಹೆಸರು 'ಮಲ್ಟಿವೊರಾನ್ಸ್'. ಕನ್ನಡದಲ್ಲಿ ಹೇಳುವುದಾದರೆ ಬಹುಭಕ್ಷಕ.

ಸ್ವಲ್ಪ ಕಾಲದಲ್ಲೇ ತಿಳಿಯಿತು, ಈ ಬಹುಭಕ್ಷಕನೂ ಉಳ್ಳಾಗಡ್ಡಿ ಕೊಳೆಸುವವನೂ ಒಬ್ಬನೇ! ಅಷ್ಟು ಹೊತ್ತಿಗೆ ಅವನು ಆಸ್ಪತ್ರೆಯನ್ನೂ ಹೊಕ್ಕಾಗಿತ್ತು. ಸೋಂಕುನಿವಾರಕ ದ್ರಾವಣಗಳಲ್ಲಿ ಕಾಣಿಸಿಕೊಂಡ. 1979ರಲ್ಲಿ ಪ್ರಯೋಗಾಲಯದಲ್ಲಿ ಅವನಿಗೆ ಪೆನ್ಸಿಲಿನ್ ಮಾತ್ರ ಬಡಿಸಿ ಬೇರೆ ಊಟ ಕೊಡದೆ ಇಟ್ಟರು. ಪೆನ್ಸಿಲಿನ್ ತಿಂದೇ ಬೆಳೆದ. 1980ರ ಸುಮಾರಿಗೆ ಗಾಯಕ್ಕೆ ಹಚ್ಚುವ ಕಂದು ಬಣ್ಣದ ಅಯೋಡಿನ್ ದ್ರಾವಣದಲ್ಲಿ ಸಹ ಬದುಕಿ ಉಳಿದಿರುವುದು ಪತ್ತೆಯಾಯಿತು. ಬರ್ಕ್‌ಹೋಲ್ಡರ್ ನೆನಪಿಗೆ ಇಂದು ಆ ಕುಲವನ್ನೇ ಬರ್ಕ್‌ಹೋಲ್ಡೇರಿಯಾ ಎನ್ನುತ್ತಾರೆ.

ಹೊಲದ ವಿಜ್ಞಾನ ಬೇರೆ, ವಾರ್ಡಿನ ವಿಜ್ಞಾನ ಬೇರೆ ಎಂಬ ಗೋಡೆ ಅಲ್ಲಿಗೆ ಬಿತ್ತು. ಇಂದು ನಮ್ಮ ಐಸಿಯುಗಳನ್ನು ಕಾಡುವ ಅಸಿನೆಟೊಬ್ಯಾಕ್ಟರ್ ಬಳಗವನ್ನು ಡಚ್ ವಿಜ್ಞಾನಿ ಬೈಯೆರಿಂಕ್ 1911ರಲ್ಲೇ ಮಣ್ಣಿನಲ್ಲಿ ಕಂಡಿದ್ದ. ನೆಲದ ಧೂಳೇ ಅದರ ಹಳೆಯ ಮನೆ. ಒಣಗಿದ ಮಂಚದ ಸರಳು, ಪರದೆ, ಯಂತ್ರದ ಗುಂಡಿಗಳ ಮೇಲೆ ಅದು ವಾರಗಟ್ಟಲೆ ಬದುಕಿರಬಲ್ಲದು. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳ ನವಜಾತ ಶಿಶುಗಳ ಬಗ್ಗೆ 2016ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ರಕ್ತಕ್ಕೆ ಸೋಂಕು ತಗುಲಿದ ಶಿಶುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ, ನೂರರಲ್ಲಿ 22ರ ಪ್ರಮಾಣದಲ್ಲಿ, ಸಿಕ್ಕಿದ್ದು ಇದೇ ಅಸಿನೆಟೊಬ್ಯಾಕ್ಟರ್. ಬಹುತೇಕ ಶಿಶುಗಳಿಗೆ ಸೋಂಕು ಹುಟ್ಟಿದ ಮೂರೇ ದಿನದೊಳಗೆ ಬಂದಿತ್ತು. ರೆಡ್ ಹಿಲ್ಸ್ ಕಡೆಗೆ ಕೂಸನ್ನು ಎತ್ತಿಕೊಂಡು ನಡೆಯುವ ತಾಯಂದಿರನ್ನು ನೆನೆದರೆ ಈ ಅಂಕಿ ಬರೀ ಅಂಕಿಯಾಗಿ ಕಾಣುವುದಿಲ್ಲ.

ಮೋರಿಯ ಮಾರುಕಟ್ಟೆ

ಹಾಗಾದರೆ ಇವು ರೋಗಿಯಿಂದ ರೋಗಿಗೆ ದಾಟುವುದು ಹೇಗೆ? ಅವಕ್ಕೆ ರೆಕ್ಕೆಯಿಲ್ಲ. ಹೆಚ್ಚಾಗಿ ನಾವೇ ಹೊತ್ತುಕೊಂಡು ಹೋಗುತ್ತೇವೆ. ಒಂದು ಮಂಚ ಮುಟ್ಟಿದ ಕೈ ಇನ್ನೊಂದು ಮಂಚ ಮುಟ್ಟುತ್ತದೆ. ಮೂತ್ರದ ನಳಿಕೆ, ಉಸಿರಾಟದ ನಳಿಕೆ, ನರಕ್ಕೆ ಚುಚ್ಚಿದ ಸೂಜಿ, ಇವೆಲ್ಲ ಚರ್ಮವೆಂಬ ಕೋಟೆಗೆ ಕೊರೆದ ದಿಡ್ಡಿ ಬಾಗಿಲುಗಳು.

ಮತ್ತೆ ಸಿಂಕು. ಕೈ ತೊಳೆಯುವ ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ನೀರು ಸದಾ ನಿಂತಿರುತ್ತದೆ. ಸೋಪಿನ ಜಿಡ್ಡು, ಸುರಿದ ಗ್ಲೂಕೋಸ್, ಉಳಿದ ಚಹಾ, ಎಲ್ಲ ಅಲ್ಲಿಗೇ. ಕೆರೆಯ ಕಲ್ಲಿನ ಮೇಲೆ ಪಾಚಿ ಕಟ್ಟುವಂತೆ ಆ ಪೈಪಿನ ಒಳಮೈಗೆ ಬ್ಯಾಕ್ಟೀರಿಯಾಗಳು ಲೋಳೆ ಕಟ್ಟಿಕೊಂಡು ನೆಲೆಸುತ್ತವೆ. ಆ ಲೋಳೆಯೊಳಕ್ಕೆ ಔಷಧಿ ಸುಲಭವಾಗಿ ಇಳಿಯದು. ನಲ್ಲಿಯ ನೀರು ನೇರವಾಗಿ ಜಾಲರಿಯ ಮೇಲೆ ಬಿದ್ದರೆ ತುಂತುರಿನೊಡನೆ ಅವು ಮೇಲೆದ್ದು ಪಕ್ಕದ ಮಂಚ, ಕೈ, ತಟ್ಟೆಗಳಿಗೆ ತಲುಪುತ್ತವೆ. ಕೈ ಶುದ್ಧಿಗೆಂದು ಇಟ್ಟ ಸಿಂಕೇ ಬೀಡಾಗಿ, ಹಲವು ದೇಶಗಳ ಐಸಿಯುಗಳಲ್ಲಿ ಸೋಂಕಿನ ಮೂಲವಾಗಿ ಸಿಕ್ಕಿಬಿದ್ದಿದೆ.

ಇಂಥ ಕಡೆ ಅವು ಸುಮ್ಮನೆ ಕೂರುವುದಿಲ್ಲ, ವ್ಯಾಪಾರ ಮಾಡುತ್ತವೆ. ಒಂದು ಬಗೆಯ ಬ್ಯಾಕ್ಟೀರಿಯಾ ಕಲಿತ ಔಷಧ ನಿರೋಧದ ವಿದ್ಯೆಯನ್ನು ಸಣ್ಣ ಉಂಗುರದಂಥ ಡಿಎನ್ಎ ತುಣುಕಿನ ಮೂಲಕ ಇನ್ನೊಂದು ಬಗೆಗೆ ಕೊಡಬಲ್ಲದೆಂದು 1950ರ ದಶಕದ ಕೊನೆಗೆ ಜಪಾನಿನಲ್ಲಿ ಗೊತ್ತಾಯಿತು. ಮನೆಯ ಗುಟ್ಟನ್ನು ಮಕ್ಕಳಿಗೆ ಮಾತ್ರವಲ್ಲ, ಬೀದಿಯಲ್ಲಿ ಸಿಕ್ಕವರಿಗೂ ಹೇಳಿಕೊಡುವ ಉದಾರಿಗಳು ಇವು.

ಈ ಮಾರುಕಟ್ಟೆ ಆಸ್ಪತ್ರೆಯ ಗೋಡೆಯೊಳಗೆ ಮಾತ್ರ ಇಲ್ಲ. ಬೀದರ, ಹುಮನಾಬಾದ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ಹೈದರಾಬಾದಿನ ಹೊಸ್ತಿಲೆಂದರೆ ಪಟಾನ್‌ಚೆರು. ಅಲ್ಲಿನ ಔಷಧ ಕಾರ್ಖಾನೆಗಳ ಕೊಳೆನೀರು ಸೇರುವ ಸಂಸ್ಕರಣಾ ಘಟಕದಿಂದ ಹೊರಬಂದ ನೀರನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಒಂದು ಲೀಟರ್ ನೀರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಇತ್ತು. ದಿನಕ್ಕೆ ಹೊರಬೀಳುತ್ತಿದ್ದದ್ದು ಸುಮಾರು 45 ಕಿಲೋ. ಇಡೀ ಸ್ವೀಡನ್ ಐದು ದಿನದಲ್ಲಿ ಬಳಸುವಷ್ಟು ಔಷಧಿ ಒಂದೇ ದಿನ ಹಳ್ಳ ಸೇರುತ್ತಿತ್ತು. ಅಂಥ ನೀರಿನಲ್ಲಿ ಔಷಧಿಗೆ ಬಗ್ಗುವ ಬ್ಯಾಕ್ಟೀರಿಯಾ ಸಾಯುತ್ತದೆ, ಬಗ್ಗದ್ದು ಉಳಿದು ಊರು ಕಟ್ಟುತ್ತದೆ. ಎರಡು ದಾರಿ ಬೇರೆಯಿರಲಿ ಎಂದ ವಿಶ್ವೇಶ್ವರಯ್ಯನವರ ಮಾತಿಗೆ ನೂರು ವರ್ಷದಲ್ಲಿ ಹೊಸ ಅರ್ಥ ಬಂತು. ಕುಡಿಯುವ ನೀರು, ಕೊಳೆನೀರು ಸಾಲದು. ಔಷಧಿಯ ನೀರಿಗೂ ಈಗ ಬೇರೆ ದಾರಿ ಬೇಕು.

ನೀರು ಮಾತ್ರ ತನ್ನ ಹಳೆಯ ದಾರಿ ಮರೆಯುವುದಿಲ್ಲ. 2020ರ ಜುಲೈ ತಿಂಗಳ ಮಳೆಯಲ್ಲಿ ಉಸ್ಮಾನಿಯಾದ ಹಳೆಯ ಕಟ್ಟಡದ ವಾರ್ಡುಗಳಿಗೆ ಮಳೆನೀರಿನೊಡನೆ ಚರಂಡಿ ನೀರೂ ನುಗ್ಗಿತು. ರೋಗಿಗಳನ್ನು ಬೇರೆಡೆಗೆ ಸಾಗಿಸಿ ಆ ಕಟ್ಟಡವನ್ನು ಮುಚ್ಚಬೇಕಾಯಿತು. 2025ರ ಜನವರಿ 31ರಂದು ನಮ್ಮ ನಾಂಪಲ್ಲಿಗೆ ಹತ್ತಿರದ ಗೋಶಾಮಹಲ್‌ನಲ್ಲಿ ಹೊಸ ಉಸ್ಮಾನಿಯಾಕ್ಕೆ ಅಡಿಗಲ್ಲು ಬಿತ್ತು. ಹೊಸ ಕಟ್ಟಡದಲ್ಲಿ ಎಷ್ಟು ಮಹಡಿ, ಎಷ್ಟು ಮಂಚ ಎಂದು ಎಲ್ಲರೂ ಕೇಳುತ್ತಾರೆ. ಚರಿತ್ರೆ ಓದಿದವರು ಇನ್ನೆರಡು ಪ್ರಶ್ನೆ ಕೇಳಬೇಕು: ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ?

ಉಳಿದದ್ದು ಕೈಯಲ್ಲಿದೆ

ಇಷ್ಟೆಲ್ಲ ಓದಿ ಎದೆಗುಂದಬೇಡಿ. ಬಹುಭಕ್ಷಕನ ಎದುರು ನಮ್ಮ ಆಯುಧ ಸಣ್ಣದು, ಆದರೆ ಮೊಂಡಾಗಿಲ್ಲ. ಜಿನೀವಾದ ಆಸ್ಪತ್ರೆಯಲ್ಲಿ ಡಿಡಿಯೆ ಪಿಟೆ ಮತ್ತು ಸಂಗಡಿಗರು ಮಂಚದ ಪಕ್ಕದಲ್ಲೇ ಆಲ್ಕೋಹಾಲ್ ದ್ರಾವಣವಿಟ್ಟು, ಕೈ ಶುದ್ಧಿಯ ಬಗ್ಗೆ ಸತತವಾಗಿ ತಿಳಿಹೇಳಿದರು. 1994ರಲ್ಲಿ ನೂರು ಸಂದರ್ಭಗಳಲ್ಲಿ 48 ಬಾರಿ ಕೈ ಶುದ್ಧಿ ಮಾಡುತ್ತಿದ್ದ ಸಿಬ್ಬಂದಿ ಮೂರು ವರ್ಷದಲ್ಲಿ 66ಕ್ಕೆ ಏರಿದರು. ಆಸ್ಪತ್ರೆಯಲ್ಲಿ ಸೋಂಕು ತಗುಲಿದವರ ಪ್ರಮಾಣ ನೂರಕ್ಕೆ 16.9ರಿಂದ 9.9ಕ್ಕೆ ಇಳಿಯಿತು. ಹೊಸ ಔಷಧಿಯಿಂದ ಬಂದ ಫಲ ಇದಲ್ಲ, ಹಳೆಯ ಸೆಮ್ಮೆಲ್‌ವೈಸ್ ಹೇಳಿದ್ದನ್ನೇ ನೂರೈವತ್ತು ವರ್ಷದ ಮೇಲೆ ಮನಸ್ಸಿಟ್ಟು ಮಾಡಿದ್ದರ ಫಲ. ಈ ಪಾಠವನ್ನೇ ವಿಶ್ವ ಆರೋಗ್ಯ ಸಂಸ್ಥೆ 2005ರಿಂದ ಎಲ್ಲ ದೇಶಗಳಿಗೂ ಹೇಳುತ್ತಿದೆ.

ನಮ್ಮ ಕಡೆಯ ದವಾಖಾನಿಗಳಲ್ಲಿ ಇನ್ನೊಂದು ಮಾತಿದೆ. ಇಲ್ಲಿ ರೋಗಿಯನ್ನು ನೋಡಿಕೊಳ್ಳುವವರಲ್ಲಿ ಅರ್ಧ ಪಾಲು ಮನೆಯವರೇ. ಅವ್ವ, ಅಕ್ಕ, ಸೊಸೆ, ಊರಿಂದ ಬಂದ ಕಾಕಾ. ಮೈ ಒರೆಸುವುದು, ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು ಅವರೇ. ಪಕ್ಕದ ಮಂಚದವರಿಗೆ ಯಾರೂ ಇಲ್ಲದಿದ್ದರೆ ಅವರಿಗೂ ಒಂದು ಲೋಟ ನೀರು ಕೊಟ್ಟು ಬರುವ ಕರುಳು ನಮ್ಮದು. ಆ ಕರುಳು ಹಾಗೇ ಇರಲಿ, ನಡುವೆ ಒಮ್ಮೆ ಕೈ ತೊಳೆದರೆ ಸಾಕು. ಬೇಧಿಯ ರೋಗಿಯನ್ನು ಮುಟ್ಟಿದ್ದರೆ ಆಲ್ಕೋಹಾಲ್ ದ್ರಾವಣ ಸಾಲದು. ಬೀಜದಂತೆ ಗಟ್ಟಿಯಾಗಿ ಮಲಗುವ ಕೆಲವು ಬ್ಯಾಕ್ಟೀರಿಯಾ ಅದಕ್ಕೆ ಜಗ್ಗುವುದಿಲ್ಲ, ಸೋಪು ನೀರೇ ಬೇಕು. ಕೈ ತೊಳೆಯುವ ಸಿಂಕಿಗೆ ಉಳಿದ ಚಹಾ, ಗಂಜಿ, ಗ್ಲೂಕೋಸ್ ಸುರಿಯಬೇಡಿ. ಅದು ನಮಗೆ ಎಂಜಲು, ಅವಕ್ಕೆ ಊಟ. ರೋಗಿಯ ಮಂಚದ ಮೇಲೆ ಕೂರಬೇಡಿ, ಸಲೈನ್ ನಳಿಕೆ ಮುಟ್ಟಬೇಡಿ. ಜ್ವರ ಇಳಿಯಿತೆಂದು ಆಂಟಿಬಯೋಟಿಕ್ ಅನ್ನು ನಡುವೆ ಬಿಡಬೇಡಿ, ಅಂಗಡಿಯಲ್ಲಿ ಕೇಳಿ ತಂದು ನುಂಗಲೂಬೇಡಿ. ಡಾಕ್ಟರರು, ನರ್ಸಮ್ಮನವರು ಅವಸರದಲ್ಲಿ ಬಂದಾಗ "ಕೈ ತೊಳಕೊಂಡೀರೇನ್ರೀ?" ಎಂದು ವಿನಯದಿಂದ ಕೇಳುವುದು ಅಪಚಾರವಲ್ಲ. ವಿಯೆನ್ನಾದ ಆ ತಾಯಂದಿರಿಗೆ ಹಾಗೆ ಕೇಳಬೇಕೆಂದು ಹೇಳಿಕೊಡುವವರು ಯಾರೂ ಇರಲಿಲ್ಲ.

ನಾಳೆ ನಾಂಪಲ್ಲಿ ಸ್ಟೇಶನ್ನಿನಲ್ಲಿ ಯಾರಾದರೂ ನಿಮ್ಮನ್ನು ದವಾಖಾನಿಯ ದಾರಿ ಕೇಳಿದರೆ, ದಾರಿಯ ಜೊತೆಗೆ ಈ ಎರಡು ಮಾತನ್ನೂ ಹೇಳಿ ಕಳಿಸಿ.